ವೇಗ ಹೋದರೂ ಪಕ್ ಬಿಡದ ಯಾಗರ್: ಒಂದು ಪ್ರಕರಣ ಅಧ್ಯಯನ

ಐಸ್ ಹಾಕಿಯಲ್ಲಿ ಫಾರ್ವರ್ಡ್ ಆಟಗಾರರ ಒಳ್ಳೆಯ ಕಾಲ ಬೇಗ ಮುಗಿಯುತ್ತದೆ. 30 ದಾಟಿದ ಮೇಲೆ ಗೋಲುಗಳು ಕಮ್ಮಿಯಾಗುತ್ತಾ ಹೋಗುತ್ತವೆ. 35ಕ್ಕೆ ಬಂದರೆ ಹೊಸ ಒಪ್ಪಂದ ಕೊಡಲು ಕ್ಲಬ್‌ಗಳು ಮೀನಮೇಷ ಎಣಿಸುತ್ತವೆ. 40ರ ಹೊತ್ತಿಗೆ ಹೆಚ್ಚಿನವರು ಸ್ಕೇಟ್ ಬಿಚ್ಚಿಟ್ಟಿರುತ್ತಾರೆ.

ಜೆಕ್ ಗಣರಾಜ್ಯದ ಯಾರೊಮಿರ್ ಯಾಗರ್‌ಗೆ 2016ರ ಫೆಬ್ರವರಿಯಲ್ಲಿ 44 ತುಂಬಿತು. ಆ ಸೀಸನ್‌ನಲ್ಲಿ ಅವರು ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಫ್ಲೋರಿಡಾ ಪ್ಯಾಂಥರ್ಸ್ ಪರ ಹೊಡೆದದ್ದು 27 ಗೋಲು. ಅಸಿಸ್ಟ್, ಅಂದರೆ ಬೇರೆಯವರ ಗೋಲಿಗೆ ನೆರವಾದ ಪಾಸ್, 39. ಎರಡೂ ಸೇರಿ ಒಟ್ಟು 66 ಪಾಯಿಂಟ್. ತಂಡದಲ್ಲಿ ಅವರಿಗಿಂತ ಜಾಸ್ತಿ ಪಾಯಿಂಟ್ ಯಾರಿಗೂ ಇರಲಿಲ್ಲ. ಪ್ಯಾಂಥರ್ಸ್ ಆ ವರ್ಷ ತಮ್ಮ ವಿಭಾಗದಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ಅವರ ಜೊತೆ ಒಂದೇ ಲೈನ್‌ನಲ್ಲಿ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಆಡುತ್ತಿದ್ದವರು ಅಲೆಕ್ಸಾಂಡರ್ ಬಾರ್ಕೊವ್ ಮತ್ತು ಜೊನಾಥನ್ ಹ್ಯೂಬರ್ಡೊ. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ಪನ್ನು ಯಾಗರ್ ಎರಡನೇ ಸಲ ಎತ್ತಿದಾಗ ಇವರಿಬ್ಬರೂ ಇನ್ನೂ ಹುಟ್ಟಿರಲಿಲ್ಲ.

ಇದು ಹೇಗಾಯಿತು ಅನ್ನುವುದೇ ಈ ಪ್ರಕರಣದ ಪ್ರಶ್ನೆ. ಶಿಸ್ತು, ಛಲ, ಆಟದ ಮೇಲಿನ ಪ್ರೀತಿ ಅಂತ ಸುಮ್ನೆ ಹೇಳಿಬಿಡಬಹುದು. ಅವೆಲ್ಲ ಇದ್ದವು, ನಿಜ. ಆದರೆ ಛಲ ಇದ್ದವರೆಲ್ಲ 44ರಲ್ಲಿ ತಂಡದ ಟಾಪ್ ಸ್ಕೋರರ್ ಆಗುವುದಿಲ್ಲವಲ್ಲ. ನನ್ನ ಲೆಕ್ಕದಲ್ಲಿ ಕಾರಣ ಅವರ ಆಟದ ರಚನೆಯಲ್ಲೇ ಇದೆ. ವಯಸ್ಸಾದಂತೆ ಮೊದಲು ಹೋಗುವುದು ವೇಗ. ಯಾಗರ್ ಆಟ ಮೊದಲಿನಿಂದಲೂ ವೇಗದ ಮೇಲೆ ನಿಂತಿರಲಿಲ್ಲ.

ಬಸ್ಕಿ ಮತ್ತು ಬೆನ್ನು

ಯಾಗರ್ ಹುಟ್ಟಿದ್ದು 1972ರ ಫೆಬ್ರವರಿ 15ರಂದು, ಪ್ರಾಗ್‌ಗೆ ಹತ್ತಿರದ ಕ್ಲಾಡ್ನೊ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಅಜ್ಜನ ಹೆಸರೂ ಯಾರೊಮಿರ್. ಕಮ್ಯುನಿಸ್ಟ್ ಸರ್ಕಾರ ಹೊಲ ಕಿತ್ತುಕೊಳ್ಳಲು ಬಂದಾಗ ವಿರೋಧಿಸಿ ಜೈಲು ಕಂಡವರು, 1968ರಲ್ಲಿ ತೀರಿಕೊಂಡರು. ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ್ದೂ ಅದೇ ವರ್ಷ. ಯಾಗರ್ ಜೆರ್ಸಿಯ ಮೇಲಿನ 68 ಬಂದದ್ದು ಅಲ್ಲಿಂದ.

ಹುಡುಗನಾಗಿದ್ದಾಗ ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದೆ ಅಂತ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಇದ್ದರೂ ಇರಲಿ, ತೊಡೆಯನ್ನು ನೋಡಿದವರು ಯಾರೂ ಅನುಮಾನ ಪಡಲಿಲ್ಲ. 191 ಸೆಂಟಿಮೀಟರ್ ಎತ್ತರ, ನೂರು ಕಿಲೋ ಮೀರಿದ ಮೈ, ಅದರ ಬಲವೆಲ್ಲ ಸೊಂಟದಿಂದ ಕೆಳಗೆ.

ಈ ಬಲವನ್ನು ಅವರು ಬಳಸುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಬೇಕು. ಪಕ್, ಅಂದರೆ ಚೆಂಡಿನ ಬದಲು ಆಡುವ ಚಪ್ಪಟೆ ರಬ್ಬರ್ ಬಿಲ್ಲೆ, ರಿಂಕ್‌ನ (ಆಡುವ ಮಂಜಿನ ಅಂಗಳ) ಮೂಲೆಗೆ ಹೋಗಿದೆ ಅಂದುಕೊಳ್ಳಿ. ಯಾಗರ್ ಅಲ್ಲಿಗೆ ಹೋಗಿ, ಡಿಫೆಂಡರ್‌ಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಮಂಡಿ ಬಾಗಿದೆ, ಕಾಲು ಅಗಲವಾಗಿದೆ, ಸೊಂಟ ಹಿಂದಕ್ಕೆ ಚಾಚಿದೆ. ಸ್ಟಿಕ್ ಬೇರೆಯವರದಕ್ಕಿಂತ ಉದ್ದ. ತೋಳು ನೀಡಿ ಪಕ್ಕನ್ನು ಮೈಯಿಂದ ದೂರ ಹಿಡಿದಿದ್ದಾರೆ. ಈಗ ಡಿಫೆಂಡರ್ ಏನು ಮಾಡಬೇಕು? ಎಡದಿಂದ ಸುತ್ತಿ ಬಂದರೆ ಯಾಗರ್ ಬಲಕ್ಕೆ ಹೊರಳುತ್ತಾರೆ. ಬಲದಿಂದ ಬಂದರೆ ಎಡಕ್ಕೆ. ಸ್ಟಿಕ್ ಹಾಕಿ ಎಳೆದರೆ ಪೆನಾಲ್ಟಿ. ಏನೂ ಮಾಡದೆ ಕಾದರೆ ಅಷ್ಟರಲ್ಲಿ ಯಾಗರ್ ತಂಡದವರು ಗೋಲಿನ ಮುಂದೆ ಜಾಗ ಹುಡುಕಿಕೊಂಡಿರುತ್ತಾರೆ. ಎರಡನೇ ಡಿಫೆಂಡರ್ ಸಹಾಯಕ್ಕೆ ಬಂದರಂತೂ ಇನ್ನೂ ಒಳ್ಳೆಯದು, ಅಲ್ಲೆಲ್ಲೋ ಒಬ್ಬ ಖಾಲಿ ಸಿಕ್ಕ ಹಾಗಾಯಿತು ಅಲ್ವಾ?

ಇನ್ನೊಂದು ವಿಷಯ. ಯಾಗರ್ ಎಡಗೈ ಶಾಟ್‌ನವರು, ಆದರೆ ಆಡುತ್ತಿದ್ದದ್ದು ರೈಟ್ ವಿಂಗ್. ಬಲಬದಿಯಿಂದ ಒಳಕ್ಕೆ ತಿರುಗಿದರೆ ಸ್ಟಿಕ್‌ನ ಬ್ಲೇಡ್ ರಿಂಕ್‌ನ ಮಧ್ಯಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಶಾಟ್ ಹೊಡೆಯಲೂ ಪಾಸ್ ಕೊಡಲೂ ಒಂದೇ ಭಂಗಿ ಸಾಕು. ಗೋಲ್‌ಕೀಪರ್‌ಗೆ ಕೊನೆಯ ಕ್ಷಣದವರೆಗೆ ಯಾವುದು ಬರುತ್ತದೆ ಅಂತ ಗೊತ್ತಾಗುವುದಿಲ್ಲ.

ಇವರ ಪಕ್ಕಕ್ಕೆ ರಷ್ಯಾದ ಪಾವೆಲ್ ಬುರೆಯನ್ನು ಇಟ್ಟು ನೋಡಿ. ಬುರೆ ಹುಟ್ಟಿದ್ದು 1971ರಲ್ಲಿ, ಹೆಚ್ಚು ಕಡಿಮೆ ಒಂದೇ ವಯಸ್ಸು. 702 ಪಂದ್ಯಗಳಲ್ಲಿ 437 ಗೋಲು. ಶುದ್ಧ ವೇಗದಲ್ಲಿ ಯಾಗರ್ ಅವರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಮಂಡಿ ಕೈಕೊಟ್ಟಿತು. 2003ರ ನಂತರ ಬುರೆ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಯಾಗರ್ ಅಲ್ಲಿಂದ ಮುಂದೆ ಇನ್ನೂ ಎರಡು ಬಾಳು ಬಾಳಿದರು.

ಪಿಟ್ಸ್‌ಬರ್ಗ್

16ನೇ ವಯಸ್ಸಿಗೇ ಕ್ಲಾಡ್ನೊದ ಹಿರಿಯರ ತಂಡಕ್ಕೆ ಬಂದಿದ್ದರು. 1989ರ ನವೆಂಬರ್‌ನಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಿತ್ತು. ಅದಕ್ಕೂ ಮುಂಚೆ ಅಲ್ಲಿನ ಆಟಗಾರರು ಅಮೆರಿಕಕ್ಕೆ ಹೋಗಬೇಕಂದರೆ ಒಂದೋ ಕದ್ದು ಓಡಬೇಕಿತ್ತು, ಇಲ್ಲ ವಯಸ್ಸಾಗುವವರೆಗೆ ಕಾಯಬೇಕಿತ್ತು. 1990ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಯಾಗರ್‌ರನ್ನು 5ನೆಯವರಾಗಿ ಆರಿಸಿತು. ಆ 18ರ ಹುಡುಗ ರಾಜಾರೋಷವಾಗಿ ವಿಮಾನ ಹತ್ತಿ ಬಂದಿದ್ದ. ಆ ವರ್ಷವೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದೇಶಕ್ಕಾಗಿ ಆಡಿ ಕಂಚನ್ನೂ ಗೆದ್ದಾಗಿತ್ತು.

ಮೊದಲ ತಿಂಗಳುಗಳು ಕಷ್ಟದವು. ಇಂಗ್ಲಿಷ್ ಬರುತ್ತಿರಲಿಲ್ಲ, ಮನೆಯ ನೆನಪು ಬಿಡುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಕ್ಲಬ್ ಒಂದು ಜಾಣ ಕೆಲಸ ಮಾಡಿತು. ಕ್ಯಾಲ್ಗರಿಯಿಂದ ಯಿರಿ ಹರ್ಡಿನಾ ಎಂಬ ಅನುಭವಿ ಜೆಕ್ ಆಟಗಾರನನ್ನು ತಂದಿತು. ಹರ್ಡಿನಾ ಒಳ್ಳೆಯ ಆಟಗಾರರೇ, ಆದರೆ ತರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಹುಡುಗನಿಗೆ ತನ್ನ ಭಾಷೆಯಲ್ಲಿ ಮಾತಾಡಲು ಒಬ್ಬರು ಬೇಕಿತ್ತು. ಇವತ್ತು ಕ್ಲಬ್‌ಗಳು ಇಂಥದ್ದಕ್ಕೆ ದೊಡ್ಡ ದೊಡ್ಡ ವಿಭಾಗಗಳನ್ನೇ ಇಟ್ಟುಕೊಂಡಿವೆ. ಆಗ ಒಂದು ಟ್ರೇಡ್‌ನಲ್ಲಿ, ಅಂದರೆ ಕ್ಲಬ್‌ಗಳ ನಡುವಿನ ವಿನಿಮಯದಲ್ಲಿ, ಕೆಲಸ ಆಯಿತು.

1991 ಮತ್ತು 1992, ಎರಡು ವರ್ಷವೂ ಪಿಟ್ಸ್‌ಬರ್ಗ್ ಸ್ಟ್ಯಾನ್ಲಿ ಕಪ್ ಗೆದ್ದಿತು. ಪಿಟ್ಸ್‌ಬರ್ಗ್‌ನ ಮಹಾ ತಾರೆ ಮಾರಿಯೊ ಲೆಮ್ಯೂ ಯುಗ ಅದು. 1992ರ ಫೈನಲ್‌ನ ಮೊದಲ ಪಂದ್ಯದಲ್ಲಿ ಶಿಕಾಗೊ 4–1ರಿಂದ ಮುಂದಿತ್ತು. ಪಿಟ್ಸ್‌ಬರ್ಗ್ ಒಂದೊಂದಾಗಿ ಗೋಲು ತೀರಿಸಿಕೊಂಡು ಬಂತು. ಮೂರನೇ ಅವಧಿಯ ಕೊನೆಯ ಭಾಗದಲ್ಲಿ ಯಾಗರ್ ಬೋರ್ಡ್‌ಗಳ (ರಿಂಕ್ ಸುತ್ತಲಿನ ಗೋಡೆ) ಹತ್ತಿರ ಪಕ್ ಹಿಡಿದು, ಒಬ್ಬರ ಸ್ಟಿಕ್ ತಪ್ಪಿಸಿ, ಇನ್ನೊಬ್ಬರನ್ನು ದಾಟಿ, ಗುಂಪಿನ ಮಧ್ಯೆಯೇ ತೂರಿಕೊಂಡು ಹೋಗಿ ಬ್ಯಾಕ್‌ಹ್ಯಾಂಡ್‌ನಲ್ಲಿ ಪಕ್ಕನ್ನು ಶಿಕಾಗೊ ಗೋಲ್‌ಕೀಪರ್ ಎಡ್ ಬೆಲ್ಫೋರ್‌ರನ್ನು ದಾಟಿಸಿದರು. 4–4. ಇನ್ನೇನು ಮುಗಿಯಬೇಕು ಅನ್ನುವಾಗ ಲೆಮ್ಯೂ ಐದನೇ ಗೋಲು ಹೊಡೆದರು. ಈ ಗೋಲಿನ ವಿಡಿಯೊವನ್ನು ಎಲ್ಲರೂ ಕೈಚಳಕಕ್ಕಾಗಿ ನೋಡುತ್ತಾರೆ. ನೀವು ಒಮ್ಮೆ ಕಾಲು ನೋಡಿ. ವೇಗ ಏನೂ ಅಷ್ಟಿಲ್ಲ. ಸುತ್ತಲಿನವರಲ್ಲಿ ಯಾರಿಗೂ ಅವರ ಮೈ ದಾಟಿ ಪಕ್ ಮುಟ್ಟಲು ಆಗುತ್ತಿಲ್ಲ, ಅಷ್ಟೇ. 20ರ ಹುಡುಗ ಆಗ ಮಾಡಿದ್ದೂ 44ರ ಯಾಗರ್ ಫ್ಲೋರಿಡಾದಲ್ಲಿ ಮಾಡಿದ್ದೂ ಮೂಲದಲ್ಲಿ ಒಂದೇ.

ಆಮೇಲಿನ ಅಂಕಿಅಂಶ ಬೇಗ ಹೇಳಿಬಿಡುತ್ತೇನೆ. 1995–96ರಲ್ಲಿ 62 ಗೋಲು, 87 ಅಸಿಸ್ಟ್, 149 ಪಾಯಿಂಟ್. ರೈಟ್ ವಿಂಗ್ ಆಟಗಾರರಲ್ಲಿ ಒಂದು ಸೀಸನ್‌ಗೆ ಇಷ್ಟು ಇನ್ಯಾರೂ ಗಳಿಸಿಲ್ಲ. ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಕೊಡುವ ಆರ್ಟ್ ರಾಸ್ ಟ್ರೋಫಿ 1995ರಲ್ಲಿ, ಮತ್ತೆ 1998ರಿಂದ 2001ರವರೆಗೆ ಸತತ ನಾಲ್ಕು ಸಲ. 1981ರಿಂದ 2001ರವರೆಗೆ ಈ ಟ್ರೋಫಿ ಮೂರೇ ಜನರ ಕೈಯಲ್ಲಿ ಓಡಾಡಿತು: ವೇನ್ ಗ್ರೆಟ್ಸ್ಕಿ, ಲೆಮ್ಯೂ, ಯಾಗರ್. 1999ರಲ್ಲಿ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಬಂತು.

ದೇಶದ ಜೆರ್ಸಿಯಲ್ಲಿ ಬೇರೆ ಯಾಗರ್

1998ರ ನಗಾನೊ ಒಲಿಂಪಿಕ್ಸ್‌ಗೆ ಎನ್‌ಎಚ್‌ಎಲ್ ಮೊದಲ ಬಾರಿ ತನ್ನ ಆಟಗಾರರನ್ನು ಕಳಿಸಿತು. ಕೆನಡಾ, ಅಮೆರಿಕ ಎರಡೂ ತಾರೆಗಳ ದಂಡು ಕಟ್ಟಿಕೊಂಡು ಬಂದವು. ಜೆಕ್ ತಂಡದಲ್ಲಿ ಅರ್ಧದಷ್ಟು ಜನ ಯೂರೋಪಿನ ಲೀಗ್‌ಗಳಲ್ಲಿ ಆಡುವವರು. ಕೋಚ್ ಇವಾನ್ ಹ್ಲಿಂಕಾ ಅವರ ಯೋಜನೆ ಸರಳ: ಮೊದಲು ಗೋಲು ಬಿಟ್ಟುಕೊಡಬೇಡಿ, ಹಿಂದೆ ಗೋಲ್‌ಕೀಪರ್ ದೊಮಿನಿಕ್ ಹಾಶೆಕ್ ಇದ್ದಾರೆ.

ಅದು ಫಲ ಕೊಟ್ಟಿತು. ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕವನ್ನು 4–1ರಿಂದ, ಸೆಮಿಫೈನಲ್‌ನಲ್ಲಿ ಕೆನಡಾವನ್ನು ಶೂಟೌಟ್‌ನಲ್ಲಿ, ಫೈನಲ್‌ನಲ್ಲಿ ರಷ್ಯಾವನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದರು. ಫೈನಲ್‌ನ ಆ ಒಂದೇ ಗೋಲು ಡಿಫೆಂಡರ್ ಪೆತ್ರ್ ಸ್ವೊಬೊದಾ ಅವರದ್ದು. ಅದಕ್ಕೂ ಮುಂಚಿನ ಪಂದ್ಯದಲ್ಲಿ ಫಿನ್ಲೆಂಡ್‌ಗೆ ಐದು ಗೋಲು ಹೊಡೆದಿದ್ದ ಬುರೆ, ಹಾಶೆಕ್ ಮುಂದೆ ಬರಿಗೈ.

ಇಡೀ ಒಲಿಂಪಿಕ್ಸ್‌ನಲ್ಲಿ ಯಾಗರ್ ಹೊಡೆದದ್ದು ಒಂದೇ ಗೋಲು. ಅಸಿಸ್ಟ್ ನಾಲ್ಕು. ಆ ಹೊತ್ತಿಗೆ ಅವರು ಜಗತ್ತಿನ ಅತ್ಯುತ್ತಮ ಫಾರ್ವರ್ಡ್ ಅಂತ ಹೇಳಿದರೆ ತಪ್ಪಿಲ್ಲ. ಹಾಗಿದ್ದೂ ಇಷ್ಟೇ ಯಾಕೆ? ಒಂದು ಕಾರಣ ಹ್ಲಿಂಕಾ ಯೋಜನೆ. ಇನ್ನೊಂದು ರಿಂಕ್‌ನ ಅಳತೆ. ಎನ್‌ಎಚ್‌ಎಲ್ ರಿಂಕ್ ಸುಮಾರು 26 ಮೀಟರ್ ಅಗಲ, ನಗಾನೊದ್ದು 30. ಬೋರ್ಡ್‌ಗಳ ಹತ್ತಿರ ಪಕ್ ಕಾಯ್ದುಕೊಂಡು ನಿಲ್ಲುವವರಿಗೆ ಅಗಲದ ರಿಂಕ್‌ನಲ್ಲಿ ಜಾಗ ಜಾಸ್ತಿ ಸಿಗುತ್ತದೆ, ಆದರೆ ಗೋಲು ದೂರವಾಗುತ್ತದೆ. ಡಿಫೆಂಡರ್ ಮೈಮೇಲೆ ಬೀಳದೆ ಹಿಂದೆ ನಿಂತು ಕಾಯಬಹುದು. ಯಾಗರ್ ಕಲೆ ಅರಳುವುದು ಎದುರಾಳಿ ಮೈಗೆ ಮೈ ತಾಗಿಸಿದಾಗ. ದೇಶಕ್ಕಾಗಿ ಅವರ ಅಂಕಿಗಳು ಕ್ಲಬ್‌ನಷ್ಟು ಬೆರಗು ಹುಟ್ಟಿಸದಿರಲು ಇದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಆದರೂ ಕರೆದಾಗ ಬಂದರು. 1998ರಿಂದ 2014ರವರೆಗೆ ಐದು ಒಲಿಂಪಿಕ್ಸ್. 2006ರಲ್ಲಿ ಕಂಚು. 2005 ಮತ್ತು 2010ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಚಿನ್ನ. 2005ರಲ್ಲಿ ವಿಯೆನ್ನಾದಲ್ಲಿ ಮುರಿದ ಬೆರಳಿಗೆ ಕವಚ ಹಾಕಿಕೊಂಡೇ ಆಡಿದರು, ಫೈನಲ್‌ನಲ್ಲಿ ಕೆನಡಾ 3–0ಯಿಂದ ಸೋತಿತು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ಸ್ಟ್ಯಾನ್ಲಿ ಕಪ್ ಮೂರನ್ನೂ ಗೆದ್ದ ಕೆಲವೇ ಆಟಗಾರರ ಸಾಲಿಗೆ ಅಲ್ಲಿ ಸೇರಿದರು.

ಬಿದ್ದದ್ದು, ಎದ್ದದ್ದು

2001ರ ಬೇಸಿಗೆಯಲ್ಲಿ ಹಣದ ಮುಗ್ಗಟ್ಟಿನಲ್ಲಿದ್ದ ಪಿಟ್ಸ್‌ಬರ್ಗ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟಿತು. ವಾಷಿಂಗ್ಟನ್ ಏಳು ವರ್ಷಕ್ಕೆ 7.7 ಕೋಟಿ ಡಾಲರ್ ಒಪ್ಪಂದ ಬರೆಯಿತು. ಹಿಂದಿನ ವರ್ಷ 121 ಪಾಯಿಂಟ್ ಗಳಿಸಿದ್ದವರು ಮೊದಲ ಸೀಸನ್‌ನಲ್ಲಿ 79ಕ್ಕೆ, ಎರಡನೆಯದರಲ್ಲಿ 77ಕ್ಕೆ ಇಳಿದರು. 2004ರ ಜನವರಿಯಲ್ಲಿ ಅವರ ಸಂಬಳದ ಒಂದು ಪಾಲನ್ನು ತಾನೇ ಕಟ್ಟುತ್ತೇನೆಂದು ಒಪ್ಪಿ ವಾಷಿಂಗ್ಟನ್ ಅವರನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ಸಾಗಹಾಕಿತು.

ಆಗ ಎಲ್ಲರೂ ಹೇಳಿದ್ದು ಒಂದೇ: ಯಾಗರ್ ಕಥೆ ಮುಗಿಯಿತು. ದುಡ್ಡು ಬಂದ ಮೇಲೆ ಆಸಕ್ತಿ ಹೋಯಿತು ಅಂದವರೂ ಇದ್ದರು. ಅದರಲ್ಲಿ ಸ್ವಲ್ಪ ನಿಜ ಇರಬಹುದು, ಅವರ ಮುಖ ನೋಡಿದರೆ ಖುಷಿಯಿಂದ ಆಡುತ್ತಿರುವ ಹಾಗೆ ಕಾಣುತ್ತಿರಲಿಲ್ಲ. ಆದರೆ ಆಗಿನ ಎನ್‌ಎಚ್‌ಎಲ್ ಹೇಗಿತ್ತು ಅನ್ನುವುದನ್ನು ಮರೆಯಬಾರದು. ಸ್ಟಿಕ್ ಹಾಕಿ ಎಳೆಯುವುದು, ತೋಳು ಹಿಡಿದು ನಿಲ್ಲಿಸುವುದು ದಿನನಿತ್ಯದ ಮಾತು, ರೆಫರಿಗಳು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಬೆನ್ನು ಕೊಟ್ಟು ಆಡುವವರಿಗೆ ಇದಕ್ಕಿಂತ ಕೆಟ್ಟ ವಾತಾವರಣ ಇಲ್ಲ. ಎದುರಾಳಿಗೆ ಇದ್ದ ಮೂರು ದಾರಿಗಳಲ್ಲಿ ತಪ್ಪಾಗಬೇಕಿದ್ದ ದಾರಿಯೇ ಸಲೀಸಾಗಿತ್ತು.

2004–05ರ ಸೀಸನ್ ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ಪೂರ್ತಿ ರದ್ದಾಯಿತು. ಯಾಗರ್ ಮೊದಲು ಕ್ಲಾಡ್ನೊಗೆ, ಆಮೇಲೆ ಸೈಬೀರಿಯಾದ ಅವಾಂಗಾರ್ಡ್ ಓಮ್ಸ್ಕ್‌ಗೆ ಆಡಿದರು. ಲೀಗ್ ಮತ್ತೆ ಶುರುವಾದಾಗ ಎಳೆದಾಟಕ್ಕೆ ಕಟ್ಟುನಿಟ್ಟಾಗಿ ಪೆನಾಲ್ಟಿ ಕೊಡಲು ಆರಂಭಿಸಿದರು. 2005–06ರಲ್ಲಿ, 34ರ ವಯಸ್ಸಿನಲ್ಲಿ, ಯಾಗರ್ ರೇಂಜರ್ಸ್ ಪರ 54 ಗೋಲು, 123 ಪಾಯಿಂಟ್ ಗಳಿಸಿದರು. ಎರಡೂ ಕ್ಲಬ್ ದಾಖಲೆ. ಎರಡೇ ಪಾಯಿಂಟ್‌ನಿಂದ ಆರ್ಟ್ ರಾಸ್ ಟ್ರೋಫಿ ಜೋ ಥಾರ್ನ್‌ಟನ್ ಪಾಲಾಯಿತು. 1997ರ ನಂತರ ಪ್ಲೇಆಫ್ ಮುಖ ನೋಡದಿದ್ದ ರೇಂಜರ್ಸ್ ಆ ವರ್ಷ ಒಳಗೆ ಬಂತು. ಮೈ ಅದೇ, ಕಾಲು ಎರಡು ವರ್ಷ ಹಳತು, ಬದಲಾದದ್ದು ನಿಯಮದ ಜಾರಿ. ಪ್ರಕರಣದಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣುವುದಿಲ್ಲ.

2008ರಲ್ಲಿ ಅವರು ಮತ್ತೆ ಓಮ್ಸ್ಕ್‌ಗೆ ಹೋದರು, ಈ ಬಾರಿ ಮೂರು ಸೀಸನ್‌ಗೆ. ಓಮ್ಸ್ಕ್ ಆಡುತ್ತಿದ್ದದ್ದು ರಷ್ಯಾದಲ್ಲಿ ಹೊಸದಾಗಿ ಹುಟ್ಟಿದ ಕೆಎಚ್‌ಎಲ್ ಲೀಗ್‌ನಲ್ಲಿ. ಈ ಮೂರು ವರ್ಷ ವ್ಯರ್ಥ ಅಂತ ಅಮೆರಿಕದ ಬರಹಗಾರರು ಇವತ್ತಿಗೂ ಕೊರಗುತ್ತಾರೆ. ಲೆಕ್ಕ ಹಾಕಿದರೆ ಕೊರಗಲು ಕಾರಣವೂ ಇದೆ. ಎನ್‌ಎಚ್‌ಎಲ್‌ನಲ್ಲಿ ಅವರ ಒಟ್ಟು ಗೋಲು 766. ಹಿಂದಿನ ತಲೆಮಾರಿನ ದಿಗ್ಗಜ ಗಾರ್ಡಿ ಹೋವ್ ಅವರ 801 ದಾಟಲು 36 ಸಾಕಿತ್ತು. ಹೋಗುವ ಮುಂಚಿನ ಸೀಸನ್‌ನಲ್ಲಿ 25, ಬಂದ ಮೇಲಿನ ಸೀಸನ್‌ನಲ್ಲಿ 19 ಹೊಡೆದವರಿಗೆ ಮೂರು ವರ್ಷದಲ್ಲಿ ಅಷ್ಟು ಕಷ್ಟವೇ ಅಲ್ಲ. ಪಾಯಿಂಟ್ 1921ರ ಬದಲು 2000 ದಾಟುತ್ತಿತ್ತು. ನನಗೆ ಮಾತ್ರ ಆ ಮೂರು ವರ್ಷ ನಷ್ಟ ಅನ್ನಿಸುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ 82 ಪಂದ್ಯದ ಸೀಸನ್, ಆಮೇಲೆ ಪ್ಲೇಆಫ್. ಕೆಎಚ್‌ಎಲ್‌ನಲ್ಲಿ ಪಂದ್ಯಗಳು ಕಮ್ಮಿ, ರಿಂಕ್ ಅಗಲ, ಹೊಡೆತ ಕಮ್ಮಿ. 36ರಿಂದ 39ರವರೆಗಿನ ನಾಜೂಕಾದ ವರ್ಷಗಳನ್ನು ಅವರು ಹಾಗೆ ಕಳೆದರು. 2010ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ರಷ್ಯಾವನ್ನು 2–1ರಿಂದ ಸೋಲಿಸಿದ ತಂಡದಲ್ಲಿ ಅವರಿಗೆ 38. ಮರುವರ್ಷ ಬ್ರಾತಿಸ್ಲಾವಾದಲ್ಲಿ ಅಮೆರಿಕದ ಮೇಲೆ ಹ್ಯಾಟ್ರಿಕ್.

ಮಾಲ್ಕಿನ್ ಕೈಯಿಂದ ಪಕ್

2011ರಲ್ಲಿ ವಾಪಸ್ ಬಂದರು. ಪಿಟ್ಸ್‌ಬರ್ಗ್‌ಗೇ ಬರುತ್ತಾರೆ ಅಂತ ಅಲ್ಲಿನವರು ಕಾದಿದ್ದರೆ, ಬದ್ಧವೈರಿ ಫಿಲಡೆಲ್ಫಿಯಾ ಜೊತೆ ಸಹಿ ಹಾಕಿದರು. ಪಿಟ್ಸ್‌ಬರ್ಗ್‌ನ ಜನ ಅದನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಆಮೇಲೆ ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲೋರಿಡಾ. ಊರು ಬದಲಾದರೂ ದಿನಚರಿ ಅದೇ. ತಡರಾತ್ರಿ ಖಾಲಿ ರಿಂಕ್‌ಗೆ ಹೋಗಿ ತೂಕದ ಜಾಕೆಟ್ ತೊಟ್ಟು ಸ್ಕೇಟ್ ಮಾಡುವುದು, ಭಾರದ ಸ್ಟಿಕ್ ಹಿಡಿದು ಅಭ್ಯಾಸ. ಎಳೆಯರು ನೋಡಿ ಕಣ್ಣುಜ್ಜಿಕೊಳ್ಳುತ್ತಿದ್ದರು.

2013ರ ಪ್ಲೇಆಫ್‌ನಲ್ಲಿ ಬಾಸ್ಟನ್ ಪರ 22 ಪಂದ್ಯ ಆಡಿ ಒಂದು ಗೋಲೂ ಹೊಡೆಯಲಿಲ್ಲ. ಅಸಿಸ್ಟ್ 10. ಗೋಲು ಮಾತ್ರ ನೋಡುವವರಿಗೆ ಇದು ಸೋಲು. ಸೆಮಿಫೈನಲ್ ಹಂತದಲ್ಲಿ ಎದುರಾಳಿ ಪಿಟ್ಸ್‌ಬರ್ಗ್. ಮೂರನೇ ಪಂದ್ಯ 1–1ರಲ್ಲಿ ನಿಂತು ಎರಡನೇ ಓವರ್‌ಟೈಮ್‌ಗೆ ಹೋಯಿತು. ಬೋರ್ಡ್ ಪಕ್ಕ ಎವ್ಗೆನಿ ಮಾಲ್ಕಿನ್ ಹತ್ತಿರ ಪಕ್ ಇತ್ತು. ಆಗಿನ ಕಾಲದ ಬಲಿಷ್ಠ ಸೆಂಟರ್, ಯಾಗರ್‌ಗಿಂತ 14 ವರ್ಷ ಚಿಕ್ಕವರು. 41ರ ಯಾಗರ್ ಹೋಗಿ ಮೈ ಒತ್ತಿ, ಪಕ್ ಕಿತ್ತು ಬ್ರಾಡ್ ಮಾರ್ಶಾಂಡ್‌ಗೆ ದಾಟಿಸಿದರು. ಮಾರ್ಶಾಂಡ್ ಗೋಲಿನ ಮುಂದಿದ್ದ ಪಾಟ್ರಿಸ್ ಬರ್ಜರಾನ್‌ಗೆ ಕೊಟ್ಟರು. ಪಂದ್ಯ ಮುಗಿಯಿತು. ಫೈನಲ್‌ನಲ್ಲಿ ಶಿಕಾಗೊ ಆರು ಪಂದ್ಯಗಳಲ್ಲಿ ಗೆದ್ದಿತು, ಅದು ಬೇರೆ ಮಾತು.

2015ರ ಜನವರಿ 3ರಂದು ನ್ಯೂಜೆರ್ಸಿ ಪರ ಹ್ಯಾಟ್ರಿಕ್ ಹೊಡೆದಾಗ ಅವರು ಎನ್‌ಎಚ್‌ಎಲ್ ಇತಿಹಾಸದಲ್ಲೇ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ. ಅದೇ ವರ್ಷ ಮೇನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪ್ರಾಗ್‌ನಲ್ಲೇ ನಡೆಯಿತು. ಜೆಕ್ ತಂಡ ನಾಲ್ಕನೇ ಸ್ಥಾನಕ್ಕೆ ಸಮಾಧಾನ ಪಟ್ಟುಕೊಂಡಿತು, ಆದರೆ ಟೂರ್ನಿಯ ಅತ್ಯಮೂಲ್ಯ ಆಟಗಾರ 43ರ ಯಾಗರ್. ದೇಶದ ತಂಡಕ್ಕೆ ವಿದಾಯ ಹೇಳಿದ್ದು ಆಗಲೇ. 2016ರ ಡಿಸೆಂಬರ್ 22ರಂದು ಮಾರ್ಕ್ ಮೆಸಿಯರ್ ಅವರ 1887 ಪಾಯಿಂಟ್ ದಾಟಿ, ಎನ್‌ಎಚ್‌ಎಲ್‌ನ ಸಾರ್ವಕಾಲಿಕ ಪಟ್ಟಿಯಲ್ಲಿ ಗ್ರೆಟ್ಸ್ಕಿ ನಂತರದ ಸ್ಥಾನ ಹಿಡಿದರು.

ಕ್ಯಾಲ್ಗರಿ

ಇಷ್ಟೆಲ್ಲ ಆದ ಮೇಲೂ 2017ರ ಬೇಸಿಗೆಯಲ್ಲಿ ಯಾವ ಕ್ಲಬ್ಬೂ ಕರೆಯಲಿಲ್ಲ. ಲೀಗ್ ಬದಲಾಗಿತ್ತು. ನಾಲ್ಕೂ ಲೈನ್‌ಗಳಲ್ಲಿ ಬಿರುಸಾಗಿ ಸ್ಕೇಟ್ ಮಾಡುವ ಎಳೆಯರೇ ಬೇಕು ಅನ್ನುವ ಕಾಲ. ಮೂಲೆಯಲ್ಲಿ ಪಕ್ ಹಿಡಿದು ನಿಂತರೆ ಯಾಗರ್‌ರನ್ನು ಸೋಲಿಸುವುದು ಆಗಲೂ ಕಷ್ಟವೇ, ಆದರೆ ಮೂಲೆಗೆ ಅವರಿಗಿಂತ ಮೊದಲು ಬೇರೆಯವರು ಹೋಗಿಬಿಡುತ್ತಿದ್ದರು. ನನ್ನ ವಾದದ ಮಿತಿಯೂ ಇಲ್ಲೇ ಇದೆ. ಬೆನ್ನು ಕೊಟ್ಟು ಆಡಲು ಮೊದಲು ಪಕ್ ಹತ್ತಿರ ತಲುಪಬೇಕು.

ಕ್ಯಾಲ್ಗರಿ ಫ್ಲೇಮ್ಸ್ ಕೊನೆಗೆ ಸಹಿ ಹಾಕಿಸಿಕೊಂಡದ್ದು ಅಕ್ಟೋಬರ್‌ನಲ್ಲಿ, ತರಬೇತಿ ಶಿಬಿರ ಮುಗಿದ ಮೇಲೆ. ತಯಾರಿಯಿಂದಲೇ ಬದುಕಿದ್ದ ದೇಹಕ್ಕೆ ಆ ವರ್ಷ ತಂಡದ ಜೊತೆ ತಯಾರಿ ಸಿಗಲಿಲ್ಲ. ಗಾಯ ಮೇಲಿಂದ ಮೇಲೆ ಬಂತು, ಅದೂ ಸೊಂಟದಿಂದ ಕೆಳಗೆ. 22 ಪಂದ್ಯ, 1 ಗೋಲು, 6 ಅಸಿಸ್ಟ್. 2018ರ ಜನವರಿಯಲ್ಲಿ ಕ್ಲಬ್ ಅವರನ್ನು ಕ್ಲಾಡ್ನೊಗೆ ಕಳಿಸಿಕೊಟ್ಟಿತು. ಎನ್‌ಎಚ್‌ಎಲ್‌ನಲ್ಲಿ ಅಲ್ಲಿಗೆ 1733 ಪಂದ್ಯ.

ಕ್ಲಾಡ್ನೊ ಕ್ಲಬ್‌ಗೆ ಆಗ ಅವರೇ ಮಾಲೀಕರು. ತಾವೇ ಮಾಲೀಕರಾದ್ದರಿಂದ ತಂಡದಿಂದ ತೆಗೆಯುವವರು ಯಾರೂ ಇರಲಿಲ್ಲ ಅಂತ ನಗಬಹುದು. ಆದರೆ ಅವರು ಆಡಿದರೆ ಟಿಕೆಟ್ ಮಾರಾಟವಾಗುತ್ತಿತ್ತು, ಪ್ರಾಯೋಜಕರು ಬರುತ್ತಿದ್ದರು, ಸಣ್ಣ ಊರಿನ ಕ್ಲಬ್ ನಡೆಯುತ್ತಿತ್ತು. 50 ದಾಟಿದ ಮೇಲೂ ರಿಂಕ್‌ಗೆ ಇಳಿದರು. 2024ರ ಫೆಬ್ರವರಿ 18ರಂದು ಪಿಟ್ಸ್‌ಬರ್ಗ್ ಹಳೆಯ ಮುನಿಸು ಮರೆತು 68ರ ಜೆರ್ಸಿಯನ್ನು ಸೂರಿಗೆ ಏರಿಸಿದಾಗಲೂ (ಆ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದೆ ಗೌರವಿಸುವ ಪದ್ಧತಿ) ಅವರು ಕ್ಲಾಡ್ನೊ ಆಟಗಾರರೇ. ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಲು ಮೂರು ವರ್ಷ ಎಲ್ಲಿಯೂ ವೃತ್ತಿಪರ ಪಂದ್ಯ ಆಡದೆ ಇರಬೇಕು ಎಂಬ ನಿಯಮವಿದೆ. ಅವರ ಜೊತೆ ಆಡಿದವರು, ಅವರ ನಂತರ ಬಂದವರು ಎಷ್ಟೋ ಮಂದಿ ಒಳಗೆ ಹೋಗಿಯಾಗಿದೆ. ಆಡುವುದನ್ನು ಬಿಡದ ಕಾರಣ ಯಾಗರ್ ಲೆಕ್ಕ ಮಾತ್ರ ಶುರುವಾಗಲೇ ಇಲ್ಲ.